ನಾಲ್ಕು ರಿಮೋಟಿನ ಮನೆಗೆ ಒಂದೇ ರಿಮೋಟು



ಈ ಮಾತುಕತೆಗೆ ಆರಿಸಿಕೊಂಡಿರುವ ವಸ್ತು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ನಿಮ್ಮ ನಡುಮನೆಯ ಟೀಪಾಯಿಯ ಮೇಲೆ ಎಷ್ಟು ರಿಮೋಟುಗಳಿವೆ, ಒಮ್ಮೆ ಎಣಿಸಿ ನೋಡಿ. ಟಿ.ವಿ.ಯದೊಂದು, ಸೆಟ್‌ ಟಾಪ್‌ ಬಾಕ್ಸಿನದೊಂದು, ಹೋಮ್‌ ಥಿಯೇಟರಿನ ಆಂಪ್ಲಿಫೈಯರಿನದೊಂದು, ಡಿಸ್ಕ್‌ ಪ್ಲೇಯರಿನದೊಂದು. ನಾಲ್ಕಾಯಿತಲ್ಲ! ಎಲ್ಲವೂ ಕಪ್ಪು, ಎಲ್ಲವೂ ಉದ್ದ, ಎಲ್ಲದರಲ್ಲೂ ನಲವತ್ತು ಐವತ್ತು ಗುಂಡಿ.

ಒಂದು ಕಾಲಕ್ಕೆ ಟಿ.ವಿ.ಯ ಮೈಮೇಲೆಯೇ ತಿರುಗಿಸುವ ಗುಂಡಿಗಳಿದ್ದವು. ಒಂದನ್ನು ತಿರುಗಿಸಿದರೆ ಚಿತ್ರ, ಇನ್ನೊಂದನ್ನು ತಿರುಗಿಸಿದರೆ ಶಬ್ದ. ಆಮೇಲೆ ರಿಮೋಟು ಬಂತು, ಒಂದೇ ಇತ್ತು, ಯಾರಿಗೂ ತೊಂದರೆಯಾಗಲಿಲ್ಲ. ಕೇಬಲ್‌ ಪ್ರಸಾರವನ್ನು ಡಿಜಿಟಲ್‌ ಮಾಡುವ ಎರಡನೆಯ ಹಂತದಲ್ಲಿ, 2013ರ ಮಾರ್ಚ್‌ 31ರ ಗಡುವಿಗೆ, ಬೆಂಗಳೂರು ಮೈಸೂರುಗಳ ಕೇಬಲ್‌ ಮನೆಗಳಿಗೆ ಸೆಟ್‌ ಟಾಪ್‌ ಬಾಕ್ಸ್‌ ಕಡ್ಡಾಯವಾಯಿತು. ಅಲ್ಲಿಗೆ ರಿಮೋಟು ಎರಡಾಯಿತು. ಮಕ್ಕಳು ಆಸೆಪಟ್ಟು ಹೋಮ್‌ ಥಿಯೇಟರ್‌ ತಂದ ಮೇಲಂತೂ ಚಾನೆಲ್‌ ಒಬ್ಬರ ಕೈಯಲ್ಲಿ, ಚಿತ್ರ ಇನ್ನೊಬ್ಬರ ಕೈಯಲ್ಲಿ, ಶಬ್ದ ಮೂರನೆಯವರ ಕೈಯಲ್ಲಿ. ಮೂವರೂ ಒಪ್ಪಿದರೆ ಮಾತ್ರ ಸಂಜೆಯ ವಾರ್ತೆ.

ಇದನ್ನು ನಕ್ಕು ಬಿಡಬಹುದಿತ್ತು. ಆದರೆ ಹಗಲೆಲ್ಲ ಮನೆಯಲ್ಲಿ ಒಬ್ಬರೇ ಉಳಿಯುವ ಹಿರಿಯರನ್ನು ನೆನೆಸಿಕೊಳ್ಳಿ. ಯಾವುದೋ ಗುಂಡಿಗೆ ಬೆರಳು ತಾಗಿ ಪರದೆಯ ಮೇಲೆ ‘ನೋ ಸಿಗ್ನಲ್‌’ ಎಂಬ ಅಕ್ಷರ ಮೂಡುತ್ತದೆ. ಮಗ ಸೊಸೆ ಕೆಲಸದಿಂದ ಬರುವವರೆಗೂ ಅದು ಹಾಗೆಯೇ. ಅಜ್ಜಿ ಟಿ.ವಿ. ಕೆಟ್ಟಿತೆಂದುಕೊಳ್ಳುತ್ತಾರೆ. ತಾವೇ ಕೆಡಿಸಿದೆವೇನೋ ಎಂಬ ಅಳುಕು ಬೇರೆ. ಮಾರನೆಯ ದಿನದಿಂದ ರಿಮೋಟನ್ನು ಮುಟ್ಟುವುದೇ ಇಲ್ಲ. ಯಾರಾದರೂ ಹಾಕಿಕೊಟ್ಟರೆ ನೋಡುತ್ತಾರೆ, ಇಲ್ಲವಾದರೆ ಸುಮ್ಮನಿರುತ್ತಾರೆ. ಎಲ್ಲ ಉಪಕರಣಗಳಿಗೂ ಹೊಂದುವ ಯುನಿವರ್ಸಲ್‌ ರಿಮೋಟ್‌ ಎಂಬುದೊಂದು ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ತರುವುದು ಸುಲಭ, ಸರಿಯಾಗಿ ಹೊಂದಿಸುವುದು ಸ್ವಲ್ಪ ತಾಳ್ಮೆಯ ಕೆಲಸ. ಹೊಂದಿಸುವಾಗ ಮನೆಯಲ್ಲಿ ಅತಿ ಚುರುಕಾದವರನ್ನು ಬಿಟ್ಟು ಈ ಅಜ್ಜಿಯನ್ನೇ ಮನಸ್ಸಿನಲ್ಲಿಟ್ಟುಕೊಳ್ಳಿ ಎಂಬುದು ನನ್ನ ಬಿನ್ನಹ.

ಮೊದಲು ರಿಮೋಟ್‌ ಹೇಗೆ ಕೆಲಸ ಮಾಡುತ್ತದೆಂದು ನೋಡೋಣ. ಅದರ ಮೂತಿಯಲ್ಲಿ ಪುಟ್ಟ ದೀಪವಿದೆ. ಗುಂಡಿ ಒತ್ತಿದಾಗ ಅದು ಬೆಳಗುತ್ತದೆ, ಆದರೆ ನಮ್ಮ ಕಣ್ಣಿಗೆ ಕಾಣದು. ಸುಮಾರು 940 ನ್ಯಾನೋಮೀಟರ್‌ ತರಂಗಾಂತರದ ಅವಕೆಂಪು ಬೆಳಕು ಅದು. ಮೊಬೈಲ್‌ ಫೋನಿನ ಕ್ಯಾಮೆರಾ ತೆರೆದು, ಅದರ ಎದುರು ರಿಮೋಟ್‌ ಹಿಡಿದು ಗುಂಡಿ ಒತ್ತಿ. ತಿಳಿನೇರಳೆ ಬಣ್ಣದ ಮಿನುಗು ಕಾಣಿಸೀತು. ಫೋನಿನ ಹಿಂಬದಿಯ ಕ್ಯಾಮೆರಾದಲ್ಲಿ ಕಾಣದಿದ್ದರೆ ಮುಂಬದಿಯದರಲ್ಲಿ ನೋಡಿ. ರಿಮೋಟ್‌ ಸತ್ತಿದೆಯೋ ಬದುಕಿದೆಯೋ ತಿಳಿಯಲು ಇದಕ್ಕಿಂತ ಸುಲಭದ ಉಪಾಯವಿಲ್ಲ.

ಈ ಬೆಳಕು ಸುಮ್ಮನೆ ಉರಿಯುವುದಿಲ್ಲ, ಸೆಕೆಂಡಿಗೆ ಸುಮಾರು 38 ಸಾವಿರ ಸಲ ಮಿಡಿಯುತ್ತದೆ. ಬಿಸಿಲಿನಲ್ಲೂ ಅವಕೆಂಪು ಕಿರಣವಿದೆ, ದೀಪದಲ್ಲೂ ಇದೆ. ಸಂತೆಯ ಗದ್ದಲದಲ್ಲಿ ನಮ್ಮವರ ದನಿಯನ್ನು ಗುರುತಿಸುವಂತೆ ಟಿ.ವಿ. ಆ ಮಿಡಿತದಿಂದ ತನ್ನ ರಿಮೋಟನ್ನು ಗುರುತಿಸುತ್ತದೆ. ಮಿಡಿತದ ತುಣುಕುಗಳನ್ನು ಉದ್ದ ಗಿಡ್ಡವಾಗಿ ಜೋಡಿಸಿ ಸಂದೇಶ ಕಳಿಸಲಾಗುತ್ತದೆ. ಬಹಳ ಉಪಕರಣಗಳು ಬಳಸುವ ಎನ್‌.ಇ.ಸಿ. ಪದ್ಧತಿಯಲ್ಲಿ ಮೊದಲು 9 ಮಿಲಿಸೆಕೆಂಡು ಬೆಳಕು, ಬಳಿಕ 4.5 ಮಿಲಿಸೆಕೆಂಡು ಮೌನ, ಅನಂತರ ಸೊನ್ನೆ ಒಂದುಗಳ 32 ಅಂಕಿ. ಕಾಗದ ಬರೆದ ಹಾಗೆಯೇ: ಮೊದಲು ವಿಳಾಸ, ಅಂದರೆ ಯಾವ ಉಪಕರಣಕ್ಕೆ, ಆಮೇಲೆ ಒಕ್ಕಣೆ, ಅಂದರೆ ಏನು ಮಾಡಬೇಕು. ಫಿಲಿಪ್ಸ್‌ ರೂಪಿಸಿದ ಆರ್‌.ಸಿ.-5 ಪದ್ಧತಿ ಬೇರೆ, ಅದರ ಮಿಡಿತ 36 ಸಾವಿರ. ಸೋನಿಯದು 40 ಸಾವಿರ. ಒಬ್ಬೊಬ್ಬರದು ಒಂದೊಂದು ಭಾಷೆ. ಯುನಿವರ್ಸಲ್‌ ರಿಮೋಟ್‌ ಎಂದರೆ ಈ ಭಾಷೆಗಳ ನಿಘಂಟುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡ ದುಭಾಷಿ. ಅದರ ಪುಸ್ತಿಕೆಯಲ್ಲಿ ಕಾಣುವ ನಾಲ್ಕೈದು ಅಂಕಿಯ ಕೋಡ್‌ ಸಂಖ್ಯೆ, ಯಾವ ನಿಘಂಟನ್ನು ತೆರೆಯಬೇಕೆಂದು ಹೇಳುವ ಗುರುತು, ಅಷ್ಟೇ.

ಇಲ್ಲಿ ಒಂದು ಸಂಗತಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ರಿಮೋಟ್‌ ಮಾತನಾಡುತ್ತದೆ, ಆದರೆ ಕೇಳಿಸಿಕೊಳ್ಳುವುದಿಲ್ಲ. ಟಿ.ವಿ. ಈಗ ಹೊತ್ತಿದೆಯೋ ಆರಿದೆಯೋ ಅದಕ್ಕೆ ಗೊತ್ತಿಲ್ಲ. 1955ರಲ್ಲಿ ಅಮೆರಿಕದ ಜೆನಿತ್‌ ಕಂಪನಿಯ ಯೂಜೀನ್‌ ಪಾಲಿ ರೂಪಿಸಿದ ಫ್ಲ್ಯಾಶ್‌ಮ್ಯಾಟಿಕ್‌ ಟಾರ್ಚಿನಂತೆ ಬೆಳಕು ಚೆಲ್ಲುತ್ತಿತ್ತು. ಪರದೆಯ ಮೂಲೆಗೆ ಬಿಸಿಲು ಬಿದ್ದರೂ ಟಿ.ವಿ. ತಾನಾಗಿ ಓಗೊಡುತ್ತಿತ್ತು. ಮರುವರ್ಷ ಅದೇ ಕಂಪನಿಯ ರಾಬರ್ಟ್‌ ಆಡ್ಲರ್‌ ಶ್ರವಣಾತೀತ ಶಬ್ದದ ಸ್ಪೇಸ್‌ ಕಮಾಂಡ್‌ ತಂದರು. ಗುಂಡಿ ಒತ್ತಿದರೆ ಒಳಗಿನ ಪುಟ್ಟ ಸುತ್ತಿಗೆ ಅಲ್ಯೂಮಿನಿಯಂ ಸರಳನ್ನು ಬಡಿಯುತ್ತಿತ್ತು. ಅದಕ್ಕೆ ಸೆಲ್ಲೇ ಬೇಕಿರಲಿಲ್ಲ! ಬೆಳಕಾಗಲಿ ಶಬ್ದವಾಗಲಿ, ಮಾತು ಅಂದಿನಿಂದಲೂ ಒಮ್ಮುಖ. ಯುನಿವರ್ಸಲ್‌ ರಿಮೋಟಿನ ಹೆಚ್ಚಿನ ತಲೆನೋವುಗಳ ಬೇರು ಇಲ್ಲಿದೆ.

ಇನ್ನು ಕೆಲಸಕ್ಕೆ ಬರೋಣ. ರಿಮೋಟನ್ನು ಮುಟ್ಟುವ ಮುನ್ನ ಒಂದು ಹಾಳೆ ತೆಗೆದುಕೊಂಡು, ನಿಮ್ಮ ಮನೆಯಲ್ಲಿ ದಿನನಿತ್ಯ ನಡೆಯುವುದೇನೆಂದು ಬರೆಯಿರಿ. ‘ವಾರ್ತೆ, ಧಾರಾವಾಹಿ ನೋಡುವುದು’ ಎಂದು ಬರೆದು, ಅದರ ಮುಂದೆ ಮೂರು ಪ್ರಶ್ನೆಗೆ ಉತ್ತರ ಬರೆಯಿರಿ. ಕಾರ್ಯಕ್ರಮ ಎಲ್ಲಿಂದ ಬರುತ್ತದೆ? ಸೆಟ್‌ ಟಾಪ್‌ ಬಾಕ್ಸಿನಿಂದ. ಚಿತ್ರ ಎಲ್ಲಿ? ಟಿ.ವಿ.ಯ ಮೊದಲನೆಯ ಎಚ್‌.ಡಿ.ಎಂ.ಐ. ಕಿಂಡಿಯಲ್ಲಿ. ಶಬ್ದ ಎಲ್ಲಿ? ಆಂಪ್ಲಿಫೈಯರಿನಲ್ಲಿ. ‘ಸಿನಿಮಾ ನೋಡುವುದು’ ಎಂಬುದಕ್ಕೂ ಹೀಗೆಯೇ. ಈ ಹಾಳೆ ತಯಾರಾದರೆ ಅರ್ಧ ಕೆಲಸ ಆದಂತೆ. ಪುಸ್ತಿಕೆಯ ಮೊದಲ ಪುಟದಿಂದ ಶುರು ಮಾಡಿದವರು ಸಾಮಾನ್ಯವಾಗಿ ಮೂರನೆಯ ಪುಟಕ್ಕೆ ಸುಸ್ತಾಗುತ್ತಾರೆ.

ಕೋಡ್‌ ಕೂಡಿಸುವ ಕ್ರಮ ಒಂದೊಂದು ರಿಮೋಟಿನಲ್ಲಿ ಒಂದೊಂದು ಬಗೆ. ಆದರೂ ಹೆಚ್ಚುಕಡಿಮೆ ಹೀಗಿರುತ್ತದೆ. ಟಿ.ವಿ.ಯನ್ನು ಹೊತ್ತಿಸಿಟ್ಟು, ಹೊಸ ರಿಮೋಟಿನ ‘ಟಿ.ವಿ.’ ಗುಂಡಿ ಒತ್ತಿ, ‘ಸೆಟ್‌’ ಗುಂಡಿಯನ್ನು ದೀಪ ಹತ್ತುವವರೆಗೆ ಹಿಡಿದು, ನಿಮ್ಮ ಟಿ.ವಿ.ಯ ಹೆಸರಿನ ಮುಂದಿರುವ ಸಂಖ್ಯೆಯನ್ನು ಒತ್ತುವುದು. ಒಂದೇ ಹೆಸರಿಗೆ ಐದಾರು ಸಂಖ್ಯೆಗಳಿರುತ್ತವೆ. ಟಿ.ವಿ. ಆರಿತೆಂದ ಮಾತ್ರಕ್ಕೆ ಗೆದ್ದೆವೆಂದು ಕೈತೊಳೆದುಕೊಳ್ಳಬೇಡಿ. ಆರಿಸಲು ಬರುವ ಸಂಖ್ಯೆಯಲ್ಲಿ ‘ಇನ್‌ಪುಟ್‌’ ಗುಂಡಿ ಕೆಲಸ ಮಾಡದಿರಬಹುದು, ‘ಮೆನು’ ಬಾರದಿರಬಹುದು. ಶಬ್ದ, ಇನ್‌ಪುಟ್‌, ಬಾಣದ ಗುಂಡಿ, ಎಲ್ಲವನ್ನೂ ಒತ್ತಿ ನೋಡಿ. ಸಾಲದಿದ್ದರೆ ಮುಂದಿನ ಸಂಖ್ಯೆಗೆ ಹೋಗಿ. ಸರಿಹೊಂದಿದ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಸೆಲ್‌ ಮುಚ್ಚಳದ ಒಳಬದಿಗೆ ಅಂಟಿಸಿ. ಅಗ್ಗದ ಕೆಲವು ರಿಮೋಟುಗಳು ಸೆಲ್‌ ಬದಲಿಸಿದಾಗ ಕಲಿತದ್ದೆಲ್ಲ ಮರೆತುಬಿಡುತ್ತವೆ.

ಪಟ್ಟಿಯಲ್ಲಿ ನಿಮ್ಮ ಉಪಕರಣದ ಹೆಸರೇ ಇಲ್ಲವೆನ್ನಿ. ನಮ್ಮ ಕೇಬಲ್‌ ಬಾಕ್ಸುಗಳ ವಿಷಯದಲ್ಲಿ ಇದು ಆಗುವಂಥದೇ. ಅದಕ್ಕೇ ಕೊಳ್ಳುವಾಗ ‘ಲರ್ನಿಂಗ್‌ ಇದೆಯೇ?’ ಎಂದು ಕೇಳಿಯೇ ಕೊಳ್ಳಬೇಕು. ಇಂಥ ರಿಮೋಟ್‌ ಹಳೆಯ ರಿಮೋಟಿನಿಂದ ಪಾಠ ಕಲಿಯಬಲ್ಲದು. ಎರಡನ್ನೂ ಮೇಜಿನ ಮೇಲೆ ಮೂತಿಗೆ ಮೂತಿ ಎದುರಾಗಿ, ಎರಡು ಮೂರು ಬೆರಳಿನ ಅಂತರದಲ್ಲಿ ಇಟ್ಟು, ಹೊಸದರಲ್ಲಿ ಕಲಿಯಬೇಕಾದ ಗುಂಡಿಯನ್ನೂ ಹಳೆಯದರಲ್ಲಿ ಕಲಿಸುವ ಗುಂಡಿಯನ್ನೂ ಒತ್ತಬೇಕು. ಎರಡರಲ್ಲೂ ಹೊಸ ಸೆಲ್‌ ಇರಲಿ, ಮೇಜಿನ ಮೇಲೆ ನೇರ ಬಿಸಿಲು ಬೇಡ. ಪುಸ್ತಿಕೆ ಬೇರೆ ರೀತಿ ಹೇಳದಿದ್ದರೆ ಹಳೆಯ ರಿಮೋಟಿನ ಗುಂಡಿಯನ್ನು ಚುಟುಕಾಗಿ ಒತ್ತಿ ಬಿಡಿ. ಅದುಮಿ ಹಿಡಿದರೆ ‘ಅದೇ ಮತ್ತೆ’ ಎಂಬ ಪುನರಾವರ್ತನೆಯ ಸಂದೇಶವೂ ಸೇರಿ ಪಾಠ ಕೆಡುತ್ತದೆ.

ಕಲಿಸುವಲ್ಲಿ ಒಂದು ವಿಚಿತ್ರ ತೊಡಕಿದೆ. ಆರ್‌.ಸಿ.-5 ಪದ್ಧತಿಯಲ್ಲಿ ಗುಂಡಿಯನ್ನು ಬಿಟ್ಟು ಮತ್ತೆ ಒತ್ತಿದಾಗಲೆಲ್ಲ ಒಂದು ಅಂಕಿ ಅದಲು ಬದಲಾಗುತ್ತದೆ. ಎರಡು ಸಲ ಒತ್ತಿದ್ದೋ, ಒಂದೇ ಸಲ ಹಿಡಿದದ್ದೋ ಎಂದು ಟಿ.ವಿ. ಅದರಿಂದ ತಿಳಿಯುತ್ತದೆ. ಕಲಿತ ರಿಮೋಟ್‌ ಗಿಣಿಯಂತೆ. ಕಲಿತ ದಿನ ಯಾವ ಅಂಕಿಯಿತ್ತೋ ಅದನ್ನೇ ಒಪ್ಪಿಸುತ್ತದೆ. ಹೀಗಾಗಿ ನೀವು 1 ಒತ್ತಿ ಮತ್ತೆ 1 ಒತ್ತಿದರೆ ಚಾನೆಲ್‌ 11 ಬಾರದೆ 1ಕ್ಕೇ ನಿಲ್ಲಬಹುದು. ಆಗ ರಿಮೋಟನ್ನು ದೂರಬೇಡಿ. ಎರಡರ ನಡುವೆ ಬೇರೊಂದು ಗುಂಡಿ ಒತ್ತಿದರೆ ಸರಿಹೋಗುವಂತಿದ್ದರೆ ಕಾರಣ ಇದೇ. ಆ ಉಪಕರಣಕ್ಕೆ ಕಲಿಸುವುದನ್ನು ಬಿಟ್ಟು ಕೋಡ್‌ ಹುಡುಕುವುದೇ ಮೇಲು.

ಈಗ ಮುಖ್ಯ ವಿಷಯ, ಶಬ್ದ. ಹೋಮ್‌ ಥಿಯೇಟರ್‌ ಇರುವ ಮನೆಯಲ್ಲಿ ಅತಿ ಹೆಚ್ಚು ಗೊಂದಲ ಎಬ್ಬಿಸುವುದು ಇದೇ. ಯುನಿವರ್ಸಲ್‌ ರಿಮೋಟ್‌ ‘ಬಾಕ್ಸ್‌’ ಸ್ಥಿತಿಯಲ್ಲಿದ್ದಾಗ ಶಬ್ದದ ಗುಂಡಿ ಒತ್ತಿದರೆ ಅಪ್ಪಣೆ ಬಾಕ್ಸಿಗೆ ಹೋಗುತ್ತದೆ. ಶಬ್ದ ಹೊರಡುವುದು ಆಂಪ್ಲಿಫೈಯರಿನಿಂದ. ಹೆಚ್ಚಿನ ಒಳ್ಳೆಯ ರಿಮೋಟುಗಳಲ್ಲಿ, ಯಾವ ಸ್ಥಿತಿಯಲ್ಲಿದ್ದರೂ ಶಬ್ದದ ಗುಂಡಿ ಆಂಪ್ಲಿಫೈಯರಿಗೇ ಮಾತಾಡುವಂತೆ ಕಟ್ಟಿಹಾಕಬಹುದು. ‘ವಾಲ್ಯೂಮ್‌ ಲಾಕ್‌’ ಎಂದೋ ‘ಪಂಚ್‌ ಥ್ರೂ’ ಎಂದೋ ಪುಸ್ತಿಕೆಯಲ್ಲಿ ಹುಡುಕಿ. ಇದೊಂದನ್ನು ಮಾಡಿದರೂ ಕೊಟ್ಟ ಹಣ ಸಾರ್ಥಕ. ಬಾಕ್ಸಿನ ಶಬ್ದವನ್ನು ಒಮ್ಮೆ ಪೂರ್ತಿ ಏರಿಸಿ ಅಲ್ಲಿಗೇ ಬಿಟ್ಟುಬಿಡಿ; ಟಿ.ವಿ.ಯ ಸ್ವಂತ ಸ್ಪೀಕರನ್ನು ಮೆನುವಿನಲ್ಲಿ ಆರಿಸಿಬಿಡಿ.

ಒಂದೇ ಗುಂಡಿಗೆ ಹಲವು ಅಪ್ಪಣೆಗಳನ್ನು ಸಾಲಾಗಿ ಪೋಣಿಸುವುದಕ್ಕೆ ಮ್ಯಾಕ್ರೋ ಎನ್ನುತ್ತಾರೆ. ಒತ್ತಿದರೆ ಟಿ.ವಿ., ಬಾಕ್ಸ್‌, ಆಂಪ್ಲಿಫೈಯರ್‌ ಮೂರೂ ಹೊತ್ತಿಕೊಳ್ಳಬೇಕು. ಕೇಳಲು ಸೊಗಸು. ಆದರೆ ಬಹಳ ಉಪಕರಣಗಳಲ್ಲಿ ಹೊತ್ತಿಸುವುದಕ್ಕೂ ಆರಿಸುವುದಕ್ಕೂ ಒಂದೇ ಅಪ್ಪಣೆ. ಯಾರೋ ಬಾಕ್ಸನ್ನು ಹೊತ್ತಿಸಿಯೇ ಬಿಟ್ಟಿದ್ದರೆ, ನಿಮ್ಮ ಗುಂಡಿ ಟಿ.ವಿ.ಯನ್ನು ಹೊತ್ತಿಸಿ ಬಾಕ್ಸನ್ನು ಆರಿಸುತ್ತದೆ. ಇನ್ನೊಮ್ಮೆ ಒತ್ತಿದರೆ ಬಾಕ್ಸ್‌ ಹೊತ್ತುತ್ತದೆ, ಟಿ.ವಿ. ಆರುತ್ತದೆ! ರಿಮೋಟ್‌ ಕೇಳಿಸಿಕೊಳ್ಳುವುದಿಲ್ಲ ಎಂದೆನಲ್ಲ, ಅದರ ಫಲ ಇದು. ದುಬಾರಿ ಹಾರ್ಮನಿ ರಿಮೋಟುಗಳು ತಾವು ಕಳಿಸಿದ ಅಪ್ಪಣೆಗಳನ್ನು ನೆನಪಿಟ್ಟುಕೊಂಡು ಸ್ಥಿತಿಯನ್ನು ಊಹಿಸುತ್ತಿದ್ದವು. 2021ರಲ್ಲಿ ಲಾಜಿಟೆಕ್‌ ಕಂಪನಿ ಅವುಗಳ ತಯಾರಿಕೆಯನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು. ಉಪಾಯಗಳಿವೆ. ಹೊತ್ತಿಸಲು ಬೇರೆ, ಆರಿಸಲು ಬೇರೆ ಅಪ್ಪಣೆ ಇರುವ ಉಪಕರಣವಾದರೆ ಅವನ್ನೇ ಬಳಸಿ. ಕೆಲವು ಟಿ.ವಿ.ಗಳು ಆರಿದ್ದಾಗ ಅಂಕಿಯ ಗುಂಡಿ ಒತ್ತಿದರೆ ಏಳುತ್ತವೆ, ಹೊತ್ತಿದ್ದಾಗ ಒತ್ತಿದರೆ ಆರುವುದಿಲ್ಲ. ಮ್ಯಾಕ್ರೋದಲ್ಲಿ ಅದನ್ನು ಸೇರಿಸಬಹುದು. ಟಿ.ವಿ. ಎಚ್ಚರಗೊಳ್ಳಲು ಕೆಲವು ಸೆಕೆಂಡು ಬೇಕು, ಇನ್‌ಪುಟ್‌ ಬದಲಿಸುವ ಅಪ್ಪಣೆಗೆ ಮೊದಲು ಅಷ್ಟು ಬಿಡುವು ಕೊಡಿ. ಇದಾವುದೂ ಒಗ್ಗದಿದ್ದರೆ ಬಾಕ್ಸನ್ನು ಮ್ಯಾಕ್ರೋದಿಂದ ಹೊರಗಿಟ್ಟು, ಗೋಡೆಯ ಸ್ವಿಚ್ಚಿನಲ್ಲಿ ಆರಿಸಿ ಹೊತ್ತಿಸಿ ನೋಡಿ. ಕರೆಂಟು ಬಂದೊಡನೆ ತಾನಾಗಿ ಹೊತ್ತುವ ಬಾಕ್ಸಾದರೆ ಅಷ್ಟೇ ಸಾಕು.

ಉಪಕರಣಗಳನ್ನು ಎಚ್‌.ಡಿ.ಎಂ.ಐ. ತಂತಿಯಿಂದ ಜೋಡಿಸಿದ್ದರೆ ಇನ್ನೊಂದು ದಾರಿಯೂ ಇದೆ. ಆ ತಂತಿಯ 13ನೆಯ ಪಿನ್ನಿನಲ್ಲಿ ಸಿ.ಇ.ಸಿ. ಎಂಬ ಏರ್ಪಾಟಿದೆ, ಅದರ ಮೂಲಕ ಉಪಕರಣಗಳು ಪರಸ್ಪರ ಹೇಳುತ್ತವೆ, ಕೇಳುತ್ತವೆ. ಸ್ಯಾಮ್‌ಸಂಗ್‌ ಇದನ್ನು ಎನಿನೆಟ್‌ ಪ್ಲಸ್‌ ಎಂದಿತು, ಎಲ್‌.ಜಿ. ಸಿಂಪ್‌ಲಿಂಕ್‌ ಎಂದಿತು, ಸೋನಿ ಬ್ರಾವಿಯಾ ಸಿಂಕ್‌ ಎಂದಿತು. ಒಂದೇ ಮಗುವಿಗೆ ಊರಿಗೊಂದು ಹೆಸರಿಟ್ಟ ಕಾರಣ ಅದು ತಮ್ಮ ಮನೆಯಲ್ಲಿದೆಯೆಂದು ಬಹಳ ಜನರಿಗೆ ಗೊತ್ತೇ ಇಲ್ಲ. ಮೆನುವಿನಲ್ಲಿ ಅದನ್ನು ಚಾಲೂ ಮಾಡಿದರೆ ಟಿ.ವಿ.ಯ ಹಿಂದೆಯೇ ಆಂಪ್ಲಿಫೈಯರೂ ಏಳಬಹುದು, ಟಿ.ವಿ.ಯ ರಿಮೋಟಿನಿಂದಲೇ ಅದರ ಶಬ್ದವೂ ಏರಬಹುದು. ಮೊದಲು ಇದನ್ನು ಪ್ರಯತ್ನಿಸಿ, ಉಳಿದದ್ದಕ್ಕೆ ಮಾತ್ರ ಯುನಿವರ್ಸಲ್‌ ರಿಮೋಟನ್ನು ಬಳಸಿ ಎಂಬುದು ನನ್ನ ಸಲಹೆ. ಡಿಸ್ಕ್‌ ಪ್ಲೇಯರ್‌ ನಡುವೆ ಎದ್ದು ಪರದೆಯನ್ನು ಕಸಿದುಕೊಳ್ಳುತ್ತಿದ್ದರೆ ಅದೊಂದರಲ್ಲಿ ಮಾತ್ರ ಸಿ.ಇ.ಸಿ. ಆರಿಸಿಬಿಡಿ. ಇನ್ನೊಂದು ಎಚ್ಚರಿಕೆ: ಟಿ.ವಿ.ಗೆ ಚುಚ್ಚುವ ಸ್ಟಿಕ್‌ಗಳಲ್ಲಿ ಹಲವು ಬ್ಲೂಟೂತ್‌ ರೇಡಿಯೋ ಅಲೆಯಿಂದ ನಡೆಯುವಂಥವು. ಅವಕೆಂಪಿನ ರಿಮೋಟ್‌ ಎಷ್ಟು ಒತ್ತಿದರೂ ಅವು ಕದಲುವುದಿಲ್ಲ.

ಎಲ್ಲ ಹೊಂದಿಸಿದ ಮೇಲೆ ಅಜ್ಜಿಯ ಕೈಗೆ ಕೊಡಿ, ಪಕ್ಕದಲ್ಲಿ ಕುಳಿತು ನೋಡಿ, ಬಾಯಿ ಹಾಕಬೇಡಿ. ಅವರ ಬೆರಳು ಎಲ್ಲಿ ತಡವರಿಸುತ್ತದೋ ಅಲ್ಲಿ ಕೆಲಸ ಉಳಿದಿದೆ. ಅವರಿಗೆ ಬೇಕಾದ್ದು ಆರೇಳು ಗುಂಡಿ. ಹೊತ್ತಿಸುವ ಗುಂಡಿಗೆ ಕೆಂಪು ಸ್ಟಿಕ್ಕರ್‌ ಅಂಟಿಸಿ. ಇನ್‌ಪುಟ್‌ ಬದಲಿಸುವ ಗುಂಡಿಯ ಮೇಲೆ ದಪ್ಪ ಟೇಪು ಹಾಕಿ ಮುಚ್ಚಿ, ‘ನೋ ಸಿಗ್ನಲ್‌’ ಹೆಚ್ಚಾಗಿ ಹುಟ್ಟುವುದು ಅಲ್ಲಿಂದಲೇ. ಎಲ್ಲವೂ ಅಡ್ಡಾದಿಡ್ಡಿಯಾದರೆ ಮತ್ತೆ ಮೊದಲಿನಿಂದ ಸರಿಮಾಡುವ ಕ್ರಮವನ್ನು ಎರಡು ಸಾಲಿನಲ್ಲಿ, ದೊಡ್ಡ ಕನ್ನಡ ಅಕ್ಷರದಲ್ಲಿ ಬರೆದು ಟಿ.ವಿ.ಯ ಪಕ್ಕದಲ್ಲಿ ಅಂಟಿಸಿಡಿ.

ಹಳೆಯ ನಾಲ್ಕು ರಿಮೋಟುಗಳನ್ನು ಎಸೆಯಬೇಡಿ. ಆಳದ ಮೆನುಗಳಿಗೆ, ಮುಂದೆ ಮತ್ತೆ ಪಾಠ ಕಲಿಸುವುದಕ್ಕೆ ಅವೇ ಬೇಕು. ಸೆಲ್‌ಗಳನ್ನು ಮಾತ್ರ ತೆಗೆದಿಡಿ, ಒಳಗೇ ಬಿಟ್ಟರೆ ರಸ ಸೋರಿ ಸ್ಪ್ರಿಂಗ್‌ ತುಕ್ಕು ಹಿಡಿಯುತ್ತದೆ. ಒಂದು ಡಬ್ಬಿಯಲ್ಲಿ ಹಾಕಿ, ಮೊದಲು ಬರೆದ ಆ ಹಾಳೆಯನ್ನೂ ಅದರೊಳಗೇ ಮಡಿಸಿಟ್ಟು, ಡಬ್ಬಿ ಎಲ್ಲಿದೆಯೆಂದು ಮನೆಯ ಎಲ್ಲರಿಗೂ ತಿಳಿಸಿರಿ.