ಮುಯ್ಯಿ ಪುಸ್ತಕಕ್ಕೂ ಒಂದು ಗಾಜಿನ ಪೆಟ್ಟಿಗೆ



ಈ ನಾಣ್ಯ ಪ್ರದರ್ಶನದ ದೀಪ ಹಚ್ಚುವ ಮೊದಲೇ ಕದ್ದು ಒಂದು ಸುತ್ತು ಹಾಕಿ ಬಂದೆ. ಗದ್ಯಾಣ, ವರಾಹ, ಆನೆಯ ಚಿತ್ರವಿರುವ ಮೈಸೂರಿನ ತಾಮ್ರದ ಕಾಸು, ಎಲ್ಲ ಅಚ್ಚುಕಟ್ಟಾಗಿವೆ. ಹಣ, ದುಡ್ಡು, ಕಾಸು ಎನ್ನುತ್ತೇವಲ್ಲ, ಮೂರೂ ಒಂದು ಕಾಲಕ್ಕೆ ಬೇರೆಬೇರೆ ನಾಣ್ಯಗಳ ಹೆಸರು. ನಾಣ್ಯ ಹೋದರೂ ಮಾತು ಹೋಗಲಿಲ್ಲ. 1957ರ ಏಪ್ರಿಲ್ 1ಕ್ಕೆ ಆಣೆ ಹೋಗಿ ರೂಪಾಯಿಗೆ ನೂರು ಪೈಸೆಯಾಯಿತು. ನಾವು ಮಾತ್ರ ಇಪ್ಪತ್ತೈದು ಪೈಸೆಯನ್ನು 2011ರಲ್ಲಿ ಅದು ರದ್ದಾಗುವ ತನಕ ನಾಲ್ಕಾಣೆ ಅಂದೇ ಕರೆದೆವು.

ನಾನು ಹುಡುಕಿದ ಒಂದು ವಸ್ತು ಇಲ್ಲಿ ಸಿಗಲಿಲ್ಲ: ಮದುವೆಗೆ ಬಂದ ಉಡುಗೊರೆ ಹಣವನ್ನು ಬರೆದಿಡುವ ಮುಯ್ಯಿ ಪುಸ್ತಕ. ನಮ್ಮ ಮನೆಯಲ್ಲಿ ಉಳಿದಿರುವ ಒಂದರಲ್ಲಿ ಹೆಸರು, ಊರು, ಮೊತ್ತ. ಹನ್ನೊಂದು, ಇಪ್ಪತ್ತೊಂದು, ಐವತ್ತೊಂದು. ಆ ಕೊನೆಯ ಒಂದು ರೂಪಾಯಿ ಲೆಕ್ಕ ಚುಕ್ತಾ ಆಗದಂತೆ ಕಾಯುತ್ತದೆ. ಹಾಗೆ ಕೊಟ್ಟವರ ಮನೆಯ ಮದುವೆಗೆ ಹೊರಡುವಾಗ ಅಮ್ಮ ಪುಸ್ತಕ ತೆಗೆದು ನೋಡುತ್ತಿದ್ದಳು. ಕಡಿಮೆ ಕೊಟ್ಟರೆ ಅವಮಾನ, ಅಷ್ಟೇ ಕೊಟ್ಟರೆ ಸಾಲ ತೀರಿಸಿದಂತೆ. ತುಸು ಮೇಲೆ ಕೊಟ್ಟರೆ ನಂಟು ಮುಂದುವರಿಯಿತು. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮಾಸ್ 1925ರಲ್ಲಿ, ಉಡುಗೊರೆಯ ವಿಷಯದಲ್ಲಿ ಕೊಡುವುದು, ಪಡೆಯುವುದು, ಮರಳಿಸುವುದು ಮೂರೂ ಕಟ್ಟುಪಾಡೇ ಎಂದು ವಾದಿಸಿದರು. ಕನ್ನಡ ಇದಕ್ಕೆ ಮುಯ್ಯಿ ಅಂದಿತು; ಸೇಡಿಗೂ ಅದೇ ಪದ, ನೋಡಿ!

ದೇವರಿಗೆಂದು ತೆಗೆದಿಡುವ ಮುಡುಪೂ ಹಾಗೆಯೇ, ಬರೀ ಹಣವಲ್ಲ. ಅರಿಸಿನ ಬಟ್ಟೆಯಲ್ಲಿ ಕಟ್ಟಿಟ್ಟ ರೂಪಾಯಿಯನ್ನು ತಿಂಗಳ ಕೊನೆಯ ಮುಗ್ಗಟ್ಟಿನಲ್ಲೂ ಯಾರೂ ಬಿಚ್ಚುವುದಿಲ್ಲ.

ಫೋನು ಬಂದು ಇದೆಲ್ಲ ಮುಗಿಯಿತು ಅನ್ನುವವರಿದ್ದಾರೆ. ನಮ್ಮ ಬೀದಿಯ ಸೊಪ್ಪಿನಾಕೆ ಗಾಡಿಗೆ ಕ್ಯೂಆರ್ ಚೀಟಿ ಅಂಟಿಸಿದ್ದಾಳೆ. ಬೋಣಿಗೆ ಮಾತ್ರ "ಕೈಗೇ ಕೊಡಣ್ಣ" ಅನ್ನುತ್ತಾಳೆ. ಹತ್ತರ ನೋಟನ್ನು ಕಣ್ಣಿಗೊತ್ತಿಕೊಂಡು, ತಕ್ಕಡಿಗೆ ಮುಟ್ಟಿಸಿ, ಗೋಣಿಯಡಿ ಇಡುತ್ತಾಳೆ. ಆಮೇಲೆ ಎಷ್ಟು ಸ್ಕ್ಯಾನ್ ಮಾಡಿದರೂ ಸರಿ.

ಲೆಕ್ಕವನ್ನು ಯಾರು ಓದುತ್ತಾರೆ ಎಂಬುದೂ ದೊಡ್ಡ ಮಾತೇ. ಗಿರಾಕಿಗಳ ಸಾಲ ಬರೆದಿಡುವ ಉದ್ರಿ ಪುಸ್ತಕವನ್ನು ಅಂಗಡಿಯವನೊಬ್ಬನೇ ಓದುತ್ತಿದ್ದ. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ಜಿಎಸ್‌ಟಿ ನೋಟಿಸು ಬಂದಾಗ, ಬೆಂಗಳೂರಿನ ಎಷ್ಟೋ ಸಣ್ಣ ಅಂಗಡಿಗಳು ಕ್ಯೂಆರ್ ಚೀಟಿ ಕಿತ್ತು 'ನಗದು ಮಾತ್ರ' ಎಂದು ಬರೆದವು. ತೆರಿಗೆಯ ಭಯ ಇತ್ತು, ನಿಜ. ತಮ್ಮ ಪುಸ್ತಕ ಬೇರೆಯವರ ಕೈಗೆ ಹೋಯಿತಲ್ಲ ಎಂಬ ಗಾಬರಿಯೂ ಇತ್ತೆಂದು ನನಗನ್ನಿಸುತ್ತದೆ.

ಸಂಘಟಕರಲ್ಲಿ ಒಂದು ಕೋರಿಕೆ. ಮುಂದಿನ ಸಲ ವರಾಹದ ಪಕ್ಕ ಒಂದು ಮುಯ್ಯಿ ಪುಸ್ತಕ, ಒಂದು ಉದ್ರಿ ಪುಸ್ತಕ ಇಡಿ. ನಿಮ್ಮ ಅಟ್ಟದ ಮೇಲಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ, ತಂದುಕೊಡಿ. ನಮ್ಮ ಮನೆಯದನ್ನು ಚೀಲದಲ್ಲಿ ತಂದಿದ್ದೇನೆ, ತೆಗೆದುಕೊಳ್ಳಿ.