ಮೇಷ್ಟ್ರಿಗೆ ಹೇಳಬೇಕಿದ್ದ ಉತ್ತರ

(ಸುವರ್ಣ ಮಹೋತ್ಸವದ ಗುರುವಂದನಾ ಕಾರ್ಯಕ್ರಮದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಆಡಿದ ಮಾತು)



ನಾನು ಹತ್ತನೇ ತರಗತಿಯಲ್ಲಿದ್ದಾಗ, ನೀರಿನ ಅಣುಗಳು ಒಂದನ್ನೊಂದು ಹಿಡಿದುಕೊಂಡಿರುತ್ತವೆ ಎಂದು ನಮ್ಮ ವಿಜ್ಞಾನದ ಮೇಷ್ಟ್ರು ಪಾಠ ಮಾಡಿದರು. ನಾನು ಎದ್ದು ನಿಂತು, "ಹಿಡ್ಕೊಂಡಿದ್ರೆ ನೀರು ಹರಿಯೋದು ಹೇಗೆ ಸಾರ್?" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೆ ಗೊತ್ತಿಲ್ಲ ಕಣಯ್ಯಾ. ನೀನೇ ಓದಿ ತಿಳ್ಕೊಂಡು ಬಂದು ನನಗೂ ಹೇಳು" ಎಂದರು.

ಕಾಲೇಜಿನಲ್ಲಿ ಉತ್ತರ ಸಿಕ್ಕಿತು. ಒಂದು ಅಣುವಿನ ಹೈಡ್ರೋಜನ್ ಪಕ್ಕದ ಅಣುವಿನ ಆಕ್ಸಿಜನ್ನನ್ನು ಹಿಡಿಯುತ್ತದೆ. ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಬೇಗ ಅದನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತದೆ. ಅದಕ್ಕೇ ನೀರು ಹರಿಯುತ್ತದೆ.

ಇಷ್ಟು ಚುರುಕಾದ ಆಟವನ್ನು ನೋಡುವುದು ಹೇಗೆ? ಓಡುವ ಮಗುವಿನ ಫೋಟೊ ಮಸುಕಾಗದಿರಲು ಕ್ಷಣಮಾತ್ರದ ಫ್ಲ್ಯಾಶ್ ಬೇಕಲ್ಲವೇ? ಅಮೆರಿಕದ ಸ್ಲ್ಯಾಕ್ ಪ್ರಯೋಗಾಲಯದವರು ಎಲೆಕ್ಟ್ರಾನುಗಳನ್ನೇ ಹಾಗೆ ಬಳಸಿದರು. ಅಣುಗಳಿಗೆ ತಾಗಿ ಚದುರಿದ ಎಲೆಕ್ಟ್ರಾನುಗಳು ಬಳೆಬಳೆಯಾದ ಚಿತ್ರ ಮೂಡಿಸುತ್ತವೆ. ಅದನ್ನು ಅಳೆದರೆ ಪರಮಾಣುಗಳ ನಡುವಿನ ದೂರ ತಿಳಿಯುತ್ತದೆ. ನೀರು ದಪ್ಪವಾಗಿದ್ದರೆ ಎಲೆಕ್ಟ್ರಾನುಗಳು ಮತ್ತೆ ಮತ್ತೆ ಚದುರಿ ಚಿತ್ರ ಕಲಸಿಹೋಗುತ್ತದೆ. ಹಾಗಾಗಿ ಅವರು ನೀರನ್ನು ತಲೆಗೂದಲಿಗಿಂತ ಸುಮಾರು 1,000 ಪಟ್ಟು ತೆಳುವಾದ ಪದರವಾಗಿ ಚಿಮ್ಮಿಸಿದರು. 2021ರಲ್ಲಿ ಫಲಿತಾಂಶ ಪ್ರಕಟವಾಯಿತು. ಲೇಸರ್ ಬೆಳಕಿನಿಂದ ಕುಲುಕಿದ ಅಣು ಮೊದಲು ಪಕ್ಕದ ಅಣುವನ್ನು ತನ್ನ ಹತ್ತಿರಕ್ಕೆ ಎಳೆದುಕೊಳ್ಳುತ್ತದೆ, ಆಮೇಲೆ ದೂರ ತಳ್ಳುತ್ತದೆ. ಆ ಸೆಳೆತಕ್ಕೆ ಹಿಡಿದ ಹೊತ್ತು ಸುಮಾರು 80 ಫೆಮ್ಟೊಸೆಕೆಂಡ್. ಒಂದು ಸೆಕೆಂಡನ್ನು ಹತ್ತು ಕೋಟಿ ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ಫೆಮ್ಟೊಸೆಕೆಂಡ್!

ಅದನ್ನು ಓದಿದ ದಿನ ಮೇಷ್ಟ್ರಿಗೆ ಹೇಳಬೇಕೆನಿಸಿತು. ಆದರೆ ಅಷ್ಟರಲ್ಲಿ ಅವರು ತೀರಿಕೊಂಡಿದ್ದರು. ಕಾಲೇಜಿನ ಉತ್ತರವನ್ನಾದರೂ ಬಂದು ಹೇಳಬಹುದಿತ್ತು; ಇವತ್ತು ನಾಳೆ ಎಂದು ಮುಂದೂಡಿದೆ.

ಇನ್ನೊಂದು ತಪ್ಪನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ನಾನೂ ರಸಾಯನಶಾಸ್ತ್ರದ ಮೇಷ್ಟ್ರಾದೆ. ಒಮ್ಮೆ ಪಾಠ ಮುಗಿಸುವ ಆತುರದಲ್ಲಿ, ಪ್ರಶ್ನೆ ಕೇಳಿದ ಹುಡುಗಿಯೊಬ್ಬಳನ್ನು "ಅದು ಪರೀಕ್ಷೆಗೆ ಬರಲ್ಲ, ಕೂತ್ಕೋ" ಎಂದುಬಿಟ್ಟೆ. ನನಗೆ ಉತ್ತರ ಗೊತ್ತಿರಲಿಲ್ಲ, ಅಷ್ಟೇ. ಅವಳು ಮತ್ತೆ ಪ್ರಶ್ನೆ ಕೇಳಲಿಲ್ಲ.

ಈ ಶಾಲೆಯ ಶಿಕ್ಷಕರಲ್ಲಿ ನನ್ನದೊಂದು ಕೋರಿಕೆ: ಮಕ್ಕಳ ಮುಂದೆ "ಗೊತ್ತಿಲ್ಲ" ಎನ್ನಲು ನಾಚಬೇಡಿ. ಮಕ್ಕಳೇ, ಉತ್ತರ ಸಿಕ್ಕಿದರೆ ತಡಮಾಡದೆ ಬಂದು ನಿಮ್ಮ ಮೇಷ್ಟ್ರಿಗೆ ಹೇಳಿ.