ಒಂದು ಪದ, ಮೂರು ದಾರಿ



ಅನುವಾದಕನನ್ನು ಕಾಡುವುವು ಕಠಿಣ ಪದಗಳೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಕಠಿಣ ಪದಕ್ಕೆ ನಿಘಂಟಿದೆ. ಎಳೆಯ ಮಕ್ಕಳೂ ಆಡುವ ಪದಕ್ಕೆ ನಿಘಂಟೊಂದೇ ಸಾಲದು. ಇಂಗ್ಲಿಷಿನ ‘ಥಿಂಕ್’ ಅಂಥ ಪದ. ಅದನ್ನು ಸ್ವೀಡಿಷ್ ಭಾಷೆಗೆ ಒಯ್ಯುವವನ ಪಾಡನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಆ ಭಾಷೆಯಲ್ಲಿ ಈ ಒಂದು ಪದದ ಎಡೆಯಲ್ಲಿ ಮುಖ್ಯವಾಗಿ ಮೂರು ಕ್ರಿಯಾಪದಗಳಿವೆ: ‘ತೆಂಕ’, ‘ತ್ಯುಕ್ಕ’, ‘ತ್ರೂ’. ತೆಂಕ ಎಂದರೆ ಚಿಂತಿಸುವುದು. ‘ನಾಳೆ ಹೊರಡಬೇಕೆಂದಿದ್ದೇನೆ’ ಎಂಬಂಥ ಉದ್ದೇಶವನ್ನು ಹೇಳುವುದಕ್ಕೂ ಅದೇ ಪದ. ಇಲ್ಲಿ ತೊಡಕು ಕಡಿಮೆ. ತೊಡಕಿರುವುದು ಉಳಿದೆರಡರಲ್ಲಿ. ತ್ಯುಕ್ಕ ಎಂಬುದು ಕಂಡು, ಓದಿ, ಉಂಡು ತಳೆದ ಅಭಿಪ್ರಾಯ. ತ್ರೂ ಎಂಬುದು ಊಹೆ. ದೇವರಲ್ಲಿಡುವ ನಂಬಿಕೆಗೂ ಇದೇ ಪದ. ಹೊರಗೆ ಮಳೆ ಬರುತ್ತಿರಬೇಕು ಎನ್ನುವಲ್ಲಿ ತ್ಯುಕ್ಕ ಸಲ್ಲದು. ಮಳೆ ಬರುವುದೂ ಬಾರದಿರುವುದೂ ಅಭಿಪ್ರಾಯದ ಮಾತಲ್ಲವಷ್ಟೆ.

ಇಂಗ್ಲಿಷ್ ಕಾದಂಬರಿಯೊಂದರಲ್ಲಿ ತಾಯಿಯೊಬ್ಬಳು ಮಗಳು ಮೆಚ್ಚಿದ ಹುಡುಗನನ್ನು ಕುರಿತು, ‘ಐ ಥಿಂಕ್ ಹೀ ಈಸ್ ಎ ಗುಡ್ ಮ್ಯಾನ್’ ಎಂದಳೆನ್ನಿ. ಅವನನ್ನು ಕಂಡು, ಮಾತಾಡಿಸಿ, ತೂಗಿ ನೋಡಿ ಹಾಗೆಂದಳೇ? ಹಾಗಾದರೆ ತ್ಯುಕ್ಕ. ಕಾಣದೆ, ಮಗಳ ಮಾತಿನ ಮೇಲೆ ಭಾರ ಹಾಕಿ ಅಂದಳೇ? ಹಾಗಾದರೆ ತ್ರೂ. ಕಾದಂಬರಿಕಾರ ಅದನ್ನು ಬಿಡಿಸಿ ಹೇಳಿಲ್ಲ. ಹೇಳುವ ಅಗತ್ಯವೂ ಅವನಿಗಿರಲಿಲ್ಲ. ಅನುವಾದಕ ಮಾತ್ರ ಹಿಂದಿನ ಪುಟಗಳನ್ನೆಲ್ಲ ಶೋಧಿಸಿ ತೀರ್ಪು ಕೊಡಲೇಬೇಕು. ತಪ್ಪಿದರೆ ತಾಯಿ ಬೇರೊಬ್ಬಳಾಗುತ್ತಾಳೆ.

ನಮ್ಮ ‘ಅನ್ನಿಸುತ್ತದೆ’ ಎಂಬುದೂ ಥಿಂಕ್‌ನಂತೆ ಎರಡಕ್ಕೂ ಒದಗುತ್ತದೆ. ಆದರೆ ಬೇಕೆನಿಸಿದಾಗ ಭೇದವನ್ನು ತೋರುವ ಶಕ್ತಿ ಕನ್ನಡಕ್ಕುಂಟು: ಓದಿದ ಪುಸ್ತಕ ‘ಚೆನ್ನಾಗಿದೆ’, ಓದದ ಪುಸ್ತಕ ‘ಚೆನ್ನಾಗಿದ್ದೀತು’. ಹಾಗಿದ್ದೂ, ಸ್ವೀಡಿಷ್ ಕೃತಿಯೊಂದು ಇಂಗ್ಲಿಷಿನ ಮೂಲಕ ನಮ್ಮಲ್ಲಿಗೆ ಬಂದಾಗ, ಮೂಲದಲ್ಲಿ ಸ್ಪಷ್ಟವಾಗಿದ್ದ ಈ ಭೇದ ನಡುದಾರಿಯಲ್ಲಿ ಅಳಿಸಿಹೋಗಿರಬಹುದು. ಅಲ್ಲಿಯೂ ಇಲ್ಲಿಯೂ ಇರುವುದನ್ನು ನಡುವಿನ ಭಾಷೆ ನುಂಗಿಬಿಡುತ್ತದೆ. ಕನ್ನಡದ ಅನುವಾದಕ ಮತ್ತೆ ಊಹಿಸಬೇಕಾಗುತ್ತದೆ. ಮೂಲ ಭಾಷೆಯನ್ನೇ ಕಲಿತು ಅನುವಾದಿಸಬೇಕೆಂಬ ಮಾತು ಹಟದ ಮಾತಲ್ಲವೆಂಬುದಕ್ಕೆ ಇದಕ್ಕಿಂತ ಸಣ್ಣ ನಿದರ್ಶನ ನನಗೆ ತಿಳಿಯದು.

ಈ ಮೂರು ಪದಗಳ ಪರಿಚಯವಾದ ಮೇಲೆ ನನಗೊಂದು ಅನನುಕೂಲವೂ ಆಗಿದೆ. ಸಾಹಿತ್ಯಗೋಷ್ಠಿಗಳಲ್ಲಿ ಹೊಸ ಪುಸ್ತಕವನ್ನು ಕುರಿತು ಯಾರಾದರೂ ಕೇಳಿದರೆ, ಹಿಂದೆ ‘ಒಳ್ಳೆಯ ಕೃತಿ’ ಎಂದು ಸಲೀಸಾಗಿ ಹೇಳುತ್ತಿದ್ದೆ. ಈಗ ನಾಲಗೆ ತಡವರಿಸುತ್ತದೆ. ‘ಒಳ್ಳೆಯದಿದ್ದೀತು, ನಾನಿನ್ನೂ ಓದಿಲ್ಲ’ ಎಂದು ಒಪ್ಪಿಕೊಳ್ಳುತ್ತೇನೆ.